ಎರಡನೇ ಬೆರಳ ಬುಡದ ಮೂಳೆ ಕುಸಿದಿದೆ, ಇಂಪ್ಲಾಂಟ್ ಹಾಕಿಸಲೇ?

ಓದುಗರ ಪ್ರಶ್ನೆ: "ಡಾಕ್ಟ್ರೇ, ನನಗೆ 31 ವರ್ಷ. ಶಿವಮೊಗ್ಗ ಜಿಲ್ಲೆಯ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್. ಹೈಸ್ಕೂಲಲ್ಲಿ ಖೋ ಖೋ ಆಡುವಾಗಲೇ ಎಡಗಾಲಿನ ಎರಡನೇ ಬೆರಳ ಬುಡದಲ್ಲಿ ನೋವು ಬಂದು ಹೋಗುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಎರಡು ವರ್ಷದಿಂದ ಜಾಸ್ತಿಯಾಗಿದೆ. ಸಂಜೆ ಮನೆಗೆ ಬರುವಷ್ಟರಲ್ಲಿ ಊದಿಕೊಂಡು ಕಾಲುಂಗುರ ತಿರುಗುವುದೂ ಇಲ್ಲ. ಎಕ್ಸ್-ರೇ, ಎಂಆರ್‌ಐ ಆಯಿತು. ರಿಪೋರ್ಟಿನಲ್ಲಿ 'ಫ್ರೈಬರ್ಗ್ ಡಿಸೀಸ್, ಸ್ಮೈಲಿ ಸ್ಟೇಜ್ 4' ಎಂದಿದೆ. ಒಬ್ಬ ಡಾಕ್ಟರು, ಮೂಳೆಯ ತಲೆ ಸತ್ತಿದೆ, ಇಂಪ್ಲಾಂಟ್ ಹಾಕಿದರೆ ಒಂದೇ ಸಲಕ್ಕೆ ಮುಗಿದು ಹೋಗುತ್ತದೆ ಅಂದರು. ಇನ್ನೊಬ್ಬರು ಮೂಳೆ ಕತ್ತರಿಸಿ ತಿರುಗಿಸಿದರೆ ಸಾಕು ಅಂದರು. ನಮ್ಮತ್ತೆ ಇದೆಲ್ಲ ಕಾಲುಂಗುರ ಬಿಗಿಯಾಗಿದ್ದರಿಂದ ಆಗಿದ್ದು ಅಂತಾರೆ. ಮೂಳೆ ಸತ್ತಿದೆ ಅಂದರೆ ಅದು ಮೇಲಕ್ಕೆ ಹಬ್ಬುತ್ತದೆಯೇ? ಇಂಪ್ಲಾಂಟ್ ಹಾಕಿಸಿದರೆ ದೇವಸ್ಥಾನದಲ್ಲಿ ಬರಿಗಾಲಲ್ಲಿ ನಡೆಯಬಹುದೇ, ನೆಲದ ಮೇಲೆ ಕೂರಬಹುದೇ? ಜೀವಮಾನ ಪೂರ್ತಿ ಬರುತ್ತದೆಯೇ?"

ಮೊದಲು ಭಯದ ಮಾತು ಮುಗಿಸೋಣ. ಹಬ್ಬುವುದಿಲ್ಲ. ಇದು ಕ್ಯಾನ್ಸರ್ ಅಲ್ಲ, ಸೋಂಕೂ ಅಲ್ಲ. "ಮೂಳೆ ಸತ್ತಿದೆ" ಎಂದು ಕೇಳಿದ ತಕ್ಷಣ ಎಲ್ಲರ ಕಣ್ಣಿಗೂ ಗ್ಯಾಂಗ್ರೀನ್ ಬರುತ್ತದೆ, ಕಾಲೇ ಹೋಗುತ್ತದೇನೋ ಅನ್ನಿಸುತ್ತದೆ. ನಿಮ್ಮ ಕಾಲಿನಲ್ಲಿ ಆಗಿರುವುದು ತೀರಾ ಚಿಕ್ಕ ಜಾಗದ ವಿಷಯ. ಬೆರಳಿಗೂ ಪಾದಕ್ಕೂ ನಡುವೆ ಐದು ಉದ್ದನೆಯ ಮೂಳೆಗಳಿವೆ, ಮೆಟಟಾರ್ಸಲ್ ಅಂತೀವಿ. ಅದರಲ್ಲಿ ಎರಡನೆಯದರ ತುದಿಯಲ್ಲಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಗುಂಡನೆಯ ತಲೆ ಇದೆಯಲ್ಲ, ಅದರೊಳಗಿನ ಒಂದು ಭಾಗಕ್ಕೆ ರಕ್ತ ಸರಿಯಾಗಿ ಹೋಗದೆ ಅಲ್ಲಿನ ಮೂಳೆ ಸತ್ತು ಕುಸಿದಿದೆ, ಅಷ್ಟೇ. ಅದು ಮೇಲಕ್ಕೂ ಹೋಗುವುದಿಲ್ಲ, ಪಕ್ಕದ ಮೂಳೆಗೂ ಅಂಟುವುದಿಲ್ಲ. ತೊಂದರೆ ಏನಿದ್ದರೂ ಆ ಕೀಲಿನದ್ದು.

ಎರಡನೆಯದು ಕಾಲುಂಗುರ. ನಿಮ್ಮತ್ತೆಯವರಿಗೆ ಬೇಜಾರಾಗದ ಹಾಗೆ ನೀವೇ ಹೇಳಿ. ಕಾಲುಂಗುರ ಕೂರುವುದು ಬೆರಳಿನ ಮೇಲೆ. ಕಾಯಿಲೆ ಇರುವುದು ಅದಕ್ಕಿಂತ ಹಿಂದೆ, ಪಾದದೊಳಗಿನ ಮೂಳೆಯಲ್ಲಿ. ಆ ತಲೆಗೆ ರಕ್ತ ಬರುವುದು ಹಿಂದಿನಿಂದ ಮತ್ತು ಕೀಲಿನ ಸುತ್ತಲಿನ ಪೊರೆಯಿಂದ. ಮುಂದೆ ಬೆರಳನ್ನು ಎಷ್ಟೇ ಬಿಗಿಯಾಗಿ ಸುತ್ತಿದರೂ ಹಿಂದಿನ ಮೂಳೆಯ ರಕ್ತ ನಿಲ್ಲುವುದಿಲ್ಲ. ಅಲ್ಲದೆ ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು 1914ರಲ್ಲಿ, ಅಮೆರಿಕದ ಸಿನ್ಸಿನಾಟಿಯ ಆಲ್ಫ್ರೆಡ್ ಫ್ರೈಬರ್ಗ್ ಎಂಬ ಸರ್ಜನ್. ಆರು ರೋಗಿಗಳ ಬಗ್ಗೆ ಬರೆದಿದ್ದರು. ಆ ಊರಲ್ಲಿ ಆಗ ಯಾರು ಕಾಲುಂಗುರ ಹಾಕುತ್ತಿದ್ದರು ಹೇಳಿ! ಆದರೆ ಊತ ಇರುವಾಗ ಕಾಲುಂಗುರ ತೆಗೆದಿಡಿ, ಅದು ಬೇರೆ ಕಾರಣಕ್ಕೆ. ಬಿಗಿಯಾಗಿ ಸಿಕ್ಕಿಕೊಂಡರೆ ಆಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಊತ ಕಡಿಮೆ ಇರುತ್ತದೆ, ಆಗ ಸೋಪು ಹಚ್ಚಿ ತಿರುಗಿಸುತ್ತಾ ತೆಗೆಯಿರಿ.

ಕ್ಯಾಲ್ಸಿಯಂ ಕಮ್ಮಿಯಾಗಿದ್ದಕ್ಕೆ ಬಂತು, ಯೂರಿಕ್ ಆಸಿಡ್‌ನಿಂದ ಬಂತು, ಎಣ್ಣೆ ಹಚ್ಚಿ ನೀವಿದರೆ ರಕ್ತ ಓಡಾಡಿ ಸರಿಯಾಗುತ್ತದೆ, ಇವೂ ಅಷ್ಟೇ. ವಿಟಮಿನ್ ಡಿ ಕಮ್ಮಿ ಇದ್ದರೆ ಸರಿಪಡಿಸಿಕೊಳ್ಳಿ, ಆಪರೇಷನ್ ಆದ ಮೇಲೆ ಮೂಳೆ ಕೂಡಲು ಅದು ಬೇಕು. ಆದರೆ ಮಾತ್ರೆ ನುಂಗಿ ಕುಸಿದ ತಲೆ ಮತ್ತೆ ಗುಂಡಗಾಗುವುದಿಲ್ಲ.

ಹಾಗಾದರೆ ಯಾಕೆ ಬರುತ್ತದೆ? ಪೂರ್ತಿ ಕಾರಣ ಇದೇ ಎಂದು ಬೆರಳು ತೋರಿಸುವ ಹಾಗಿಲ್ಲ, ಎರಡು ಮೂರು ವಿಷಯ ಕೂಡಿ ಬರುತ್ತವೆ. ಬಹಳ ಜನರಲ್ಲಿ ಎರಡನೇ ಮೆಟಟಾರ್ಸಲ್ ಉಳಿದವಕ್ಕಿಂತ ಉದ್ದ. ಅದರ ಹಿಂಬದಿ ಪಾದದ ನಡುವಿನ ಮೂಳೆಗಳ ಸಂದಿಯಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿದೆ, ಆಚೀಚೆ ಅಲುಗುವುದೇ ಇಲ್ಲ. ಪಕ್ಕದ ಹೆಬ್ಬೆರಳ ಮೂಳೆ, ಹೊರಗಿನ ನಾಲ್ಕು ಮತ್ತು ಐದನೆಯದು ಭಾರ ಬಿದ್ದಾಗ ಸ್ವಲ್ಪ ಬಗ್ಗುತ್ತವೆ. ಇದು ಬಗ್ಗಲ್ಲ. ಓಡುವಾಗ, ಖೋ ಖೋದಲ್ಲಿ ಗಕ್ಕನೆ ನಿಂತು ತಿರುಗುವಾಗ, ಹಿಮ್ಮಡಿ ಎತ್ತಿ ಬೆರಳ ಬುಡದ ಮೇಲೆ ಭಾರ ಹಾಕುವಾಗ, ಬೆರಳು ಮೇಲಕ್ಕೆ ಬಗ್ಗಿ ಈ ತಲೆಯ ಮೇಲ್ಭಾಗವನ್ನು ಗುದ್ದುತ್ತದೆ. ಬೆಳೆಯುವ ವಯಸ್ಸಿನಲ್ಲಿ ಆ ಜಾಗದ ರಕ್ತನಾಳಗಳು ಸೂಕ್ಷ್ಮ. ಸಾವಿರ ಸಲ ಗುದ್ದು ಬಿದ್ದು ಸಣ್ಣ ಬಿರುಕು, ಬಿರುಕಿನಿಂದ ರಕ್ತ ಕಡಿಮೆ, ರಕ್ತ ಕಡಿಮೆಯಾದದ್ದಕ್ಕೆ ಮೂಳೆ ಮೆತ್ತಗೆ, ಆಮೇಲೆ ಕುಸಿತ. ಅದಕ್ಕೇ ಇದು ಹೆಚ್ಚಾಗಿ 11ರಿಂದ 17 ವರ್ಷದೊಳಗೆ ಶುರುವಾಗುತ್ತದೆ. ಹುಡುಗರಿಗಿಂತ ಹುಡುಗಿಯರಲ್ಲಿ ಸುಮಾರು ಐದು ಪಟ್ಟು ಜಾಸ್ತಿ. ಮೂರರಲ್ಲಿ ಎರಡು ಪಾಲು ಎರಡನೇ ಮೆಟಟಾರ್ಸಲ್‌ನಲ್ಲೇ, ಉಳಿದದ್ದು ಬಹುತೇಕ ಮೂರನೆಯದರಲ್ಲಿ. ನಿಮಗೂ ಹೈಸ್ಕೂಲಲ್ಲೇ ಶುರುವಾಗಿದೆ ಅನ್ನುವುದು ನಿಮ್ಮ ಪತ್ರದಲ್ಲೇ ಇದೆ. ಈಗ ಬಂದಿರುವ ನೋವು ಆ ಹಳೇ ಕುಸಿತ ಬಿಟ್ಟುಹೋದ ಸವೆತದ್ದು.

ಇಲ್ಲಿ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಹದಿಮೂರು ಹದಿನಾಲ್ಕರ ಹುಡುಗಿ ಭರತನಾಟ್ಯವೋ ಥ್ರೋಬಾಲೋ ಮುಗಿಸಿ ಬಂದು "ಬೆರಳ ಬುಡ ನೋಯುತ್ತೆ" ಅಂದರೆ ಸುಮ್ನೆ ಸ್ಪ್ರೇ ಹೊಡೆದು ಕಳಿಸಬೇಡಿ. ಶುರುವಿನಲ್ಲಿ ಎಕ್ಸ್-ರೇ ನಾರ್ಮಲ್ ಬರಬಹುದು, ಎಂಆರ್‌ಐನಲ್ಲಿ ಕಾಣುತ್ತದೆ. ಆಗ ನಾಲ್ಕಾರು ವಾರ ವಾಕಿಂಗ್ ಬೂಟ್ (ಪಾದ ಬಗ್ಗದಂತೆ ಹಿಡಿದಿಡುವ ವೈದ್ಯಕೀಯ ಬೂಟು) ಹಾಕಿ ಭಾರ ತಪ್ಪಿಸಿದರೆ ಎಷ್ಟೋ ಮಕ್ಕಳಿಗೆ ಆಪರೇಷನ್ ಬೇಕಾಗುವುದೇ ಇಲ್ಲ.

ಈಗ ನಿಮ್ಮ ಸ್ಟೇಜ್ 4. ಸ್ಮೈಲಿ ಎಂಬುವರು ಇದನ್ನು ಐದು ಹಂತ ಮಾಡಿದ್ದಾರೆ. ಒಂದರಲ್ಲಿ ಕೂದಲೆಳೆ ಬಿರುಕು. ಎರಡು ಮೂರರಲ್ಲಿ ತಲೆಯ ಮೇಲ್ಭಾಗ ನಡುವೆ ತಗ್ಗಾಗುತ್ತದೆ, ಆದರೆ ಕೆಳಗಿನ ಕಾರ್ಟಿಲೇಜ್, ಅಂದರೆ ಕೀಲಿನಲ್ಲಿ ಮೂಳೆಯನ್ನು ಹೊದ್ದಿರುವ ನುಣುಪಾದ ಪದರ, ಹಿಡಿದಿಟ್ಟುಕೊಂಡಿರುತ್ತದೆ. ನಾಲ್ಕರಲ್ಲಿ ಆ ಹಿಡಿತವೂ ಹೋಗಿ ಚೂರು ಕಳಚಿಕೊಂಡಿರುತ್ತದೆ. ಐದರಲ್ಲಿ ತಲೆ ಚಪ್ಪಟೆಯಾಗಿ ಇಡೀ ಕೀಲು ಸವೆದಿರುತ್ತದೆ. ನಂಬರ್ ನೋಡಿ ಹೆದರಬೇಡಿ, ನಂಬರ್ ನೋಡಿಯೇ ಆಪರೇಷನ್ನೂ ನಿರ್ಧರಿಸಬೇಡಿ. ನಾನು ನೋಡುವುದು ಬೇರೆ ಎರಡು ವಿಷಯ. ತಲೆಯ ಕೆಳಭಾಗದ ಕಾರ್ಟಿಲೇಜ್ ಚೆನ್ನಾಗಿದೆಯಾ? ಎದುರು ಬದಿ, ಅಂದರೆ ಬೆರಳಿನ ಮೂಳೆಯ ಕಡೆ ಚೆನ್ನಾಗಿದೆಯಾ? ನಿಮ್ಮ ಇಬ್ಬರು ಡಾಕ್ಟರುಗಳ ಮಾತು ಬೇರೆ ಬೇರೆ ಆಗಿರುವುದು ಬಹುಶಃ ಇಲ್ಲಿಯೇ.

ಆಪರೇಷನ್ನಿಗೆ ಮೊದಲು, ಅಂಗಾಲಿನ ಕೆಳಗಿಡುವ ಸರಿಯಾದ ಪ್ಯಾಡ್ ಮತ್ತು ಚಪ್ಪಲಿಯಲ್ಲಿ ಮೂರು ತಿಂಗಳಾದರೂ ಇದ್ದು ನೋಡಿದ್ದೀರಾ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ಮಾಡಿದ್ದೇನೆ ಅನ್ನುವವರಲ್ಲೂ ಅರ್ಧಕ್ಕರ್ಧ ಜನ ಪ್ಯಾಡನ್ನು ತಪ್ಪು ಜಾಗದಲ್ಲಿ ಇಟ್ಟಿರುತ್ತಾರೆ, ನೋವಿರುವ ಜಾಗದ ಕೆಳಗೇ. ಅದರಿಂದ ನೋವು ಹೆಚ್ಚುತ್ತದೆ. ಪ್ಯಾಡ್ ಇರಬೇಕಾದ್ದು ನೋವಿನ ಜಾಗದ ಹಿಂದೆ. ಕ್ಲಿನಿಕ್‌ನಲ್ಲಿ ನಾನು ಅಂಗಾಲಿನ ನೋಯುವ ಬಿಂದುವಿಗೆ ಲಿಪ್‌ಸ್ಟಿಕ್ ಹಚ್ಚಿ, ಶೂ ಒಳಗಿನ ಹಾಸಿನ ಮೇಲೆ ನಿಲ್ಲಿಸುತ್ತೇನೆ. ಮನೆಯಲ್ಲಾದರೆ ಕುಂಕುಮಕ್ಕೆ ಒಂದು ತೊಟ್ಟು ಎಣ್ಣೆ ಸಾಕು. ಹಾಸಿನ ಮೇಲೆ ಕೆಂಪು ಗುರುತು ಬೀಳುತ್ತದಲ್ಲ, ಪ್ಯಾಡಿನ ಮುಂದಿನ ಅಂಚು ಆ ಗುರುತಿಗಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ ಬರಬೇಕು. ಚಪ್ಪಲಿಯ ಅಟ್ಟೆ ಬಾಗದಂಥದ್ದು, ಮುಂದೆ ಸ್ವಲ್ಪ ಮೇಲಕ್ಕೆ ಉರುಳುವ ಹಾಗಿರುವುದು ಒಳ್ಳೆಯದು. ಕೈಯಲ್ಲಿ ಹಿಡಿದು ಮಡಚಿ ನೋಡಿ, ಸುಲಭವಾಗಿ ಮಡಚಿಕೊಂಡರೆ ನಿಮಗಲ್ಲ. ಮನೆಯೊಳಗೂ ಹಾಕಿಕೊಳ್ಳಿ, ಗ್ರಾನೈಟ್ ನೆಲದ ಮೇಲೆ ಬರಿಗಾಲು ಈ ಕೀಲಿಗೆ ಆಗಿಬರುವುದಿಲ್ಲ. ಸೂರ್ಯ ನಮಸ್ಕಾರದಲ್ಲಿ ಹಿಂದಿನ ಕಾಲು ಚಾಚಿದಾಗ ಬೆರಳು ಪೂರ್ತಿ ಬಗ್ಗುತ್ತದೆ, ಅದನ್ನು ಬಿಡಿ. ಬೋರ್ಡಿನ ಮೇಲುಗಡೆ ಬರೆಯಲು ತುದಿಗಾಲಲ್ಲಿ ನಿಲ್ಲುತ್ತೀರಾ? ಅದನ್ನೂ.

ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ನಾನು ಸ್ವಲ್ಪ ಹಿಂಜರಿಯುವವನು. ಕೆಲವು ವಾರ ಆರಾಮ ಸಿಗುತ್ತದೆ, ನಿಜ. ಪದೇ ಪದೇ ಕೊಟ್ಟರೆ ಕೀಲಿನ ಕೆಳಗಿನ ದಪ್ಪ ಪಟ್ಟಿ ದುರ್ಬಲವಾಗಿ ಹರಿದು, ಬೆರಳು ಮೇಲಕ್ಕೆದ್ದು ಪಕ್ಕದ ಬೆರಳ ಮೇಲೆ ಏರುವುದುಂಟು. ಆಗ ಒಂದರ ಬದಲು ಎರಡು ಕಾಯಿಲೆ.

ಇಷ್ಟಾದ ಮೇಲೂ ನೋವು ದಿನನಿತ್ಯದ ಕೆಲಸಕ್ಕೆ ಅಡ್ಡ ಬಂದರೆ ಆಪರೇಷನ್. ನಿಮ್ಮ ಎರಡನೇ ಡಾಕ್ಟರು ಹೇಳಿದ "ಕತ್ತರಿಸಿ ತಿರುಗಿಸುವುದು" ಫ್ರೆಂಚ್ ಸರ್ಜನ್ ಗೋತಿಯೇ 1979ರಲ್ಲಿ ಬರೆದ ವಿಧಾನ. ಷರಟಿನ ಕಾಲರ್ ಸವೆದರೆ ಹಿಂದೆಲ್ಲ ಟೈಲರ್ ಬಿಚ್ಚಿ ಮಗುಚಿ ಹೊಲಿದು ಕೊಡುತ್ತಿದ್ದನಲ್ಲ, ಅದೇ ಲೆಕ್ಕ. ಈ ಕಾಯಿಲೆಯಲ್ಲಿ ಹಾಳಾಗುವುದು ತಲೆಯ ಮೇಲ್ಭಾಗ. ಕೆಳಭಾಗ ಎಷ್ಟೋ ಜನರಲ್ಲಿ ನುಣುಪಾಗಿ ಹಾಗೇ ಇರುತ್ತದೆ. ಕೀಲು ತೆರೆದು, ಕಳಚಿಬಿದ್ದ ಚೂರು ತೆಗೆದು, ಮೂಳೆಯ ಮೇಲ್ಬದಿಯಿಂದ ಬೆಣೆಯಾಕಾರದ ಸಣ್ಣ ತುಂಡು ಕತ್ತರಿಸಿ ಮುಚ್ಚಿದರೆ, ಕೆಳಗಿದ್ದ ಒಳ್ಳೆಯ ಕಾರ್ಟಿಲೇಜ್ ಮೇಲೆದ್ದು ಬೆರಳಿನ ಎದುರಿಗೆ ಬರುತ್ತದೆ. ಸಣ್ಣ ಸ್ಕ್ರೂ ಅಥವಾ ತಂತಿ ಹಾಕಿ ಹಿಡಿಸುತ್ತೇವೆ. ಮೂಳೆ ಎರಡು ಮೂರು ಮಿಲಿಮೀಟರ್ ಗಿಡ್ಡವಾಗುತ್ತದೆ, ಒಂದು ಲೆಕ್ಕದಲ್ಲಿ ಅದೂ ಒಳ್ಳೆಯದೇ, ಭಾರ ಕಡಿಮೆ ಬೀಳುತ್ತದೆ. ಸ್ಟೇಜ್ 4ರಲ್ಲೂ ಇದು ಆಗುತ್ತದೆ, ಕೆಳಗಿನ ಕಾರ್ಟಿಲೇಜ್ ಉಳಿದಿದ್ದರೆ.

ಇದರಲ್ಲೂ ತೊಂದರೆ ಇಲ್ಲದಿಲ್ಲ. ಬೆರಳು ಮೊದಲಿನಷ್ಟು ಬಗ್ಗುವುದಿಲ್ಲ, ಇದನ್ನು ಖಾತ್ರಿ ಅಂತಲೇ ಇಟ್ಟುಕೊಳ್ಳಿ. ಕೆಲವರಿಗೆ ಬೆರಳು ನೆಲಕ್ಕೆ ತಾಗದೆ ಸ್ವಲ್ಪ ಮೇಲೆ ನಿಲ್ಲುತ್ತದೆ. ಭಾರ ಪಕ್ಕದ ಮೂಳೆಗೆ ಹೋಗಿ ಅಲ್ಲಿ ನೋವು ಶುರುವಾಗಬಹುದು. ಮೂಳೆ ಕೂಡಲು ತಡವಾಗಬಹುದು, ಬೀಡಿ ಸಿಗರೇಟು ಸೇದುವವರಲ್ಲಿ ಜಾಸ್ತಿ. ಬೆರಳ ಮೇಲೆ ಸ್ವಲ್ಪ ಜೋಮು, ಅಪರೂಪಕ್ಕೆ ಸೋಂಕು. ಆದರೂ ಇದರಲ್ಲಿ ನಿಮ್ಮ ಮೂಳೆ ನಿಮ್ಮದಾಗಿಯೇ ಉಳಿಯುತ್ತದೆ, ಮುಂದೆ ಬೇರೆ ಏನಾದರೂ ಮಾಡಬೇಕೆಂದರೆ ದಾರಿ ತೆರೆದಿರುತ್ತದೆ.

ಈಗ ಇಂಪ್ಲಾಂಟ್. ಇಂಪ್ಲಾಂಟ್ ಅಂದರೆ ಎಲ್ಲರ ಮನಸ್ಸಿಗೂ ಬರುವುದು ಮಂಡಿ ಬದಲಿಸುವ ಆಪರೇಷನ್. ಮನೆಯಲ್ಲಿ ಒಬ್ಬರಲ್ಲ ಒಬ್ಬರು ಮಾಡಿಸಿಕೊಂಡು ಚೆನ್ನಾಗಿ ಓಡಾಡುತ್ತಿರುತ್ತಾರೆ. ಅದೇ ಭರವಸೆಯನ್ನು ಈ ಪುಟ್ಟ ಕೀಲಿಗೆ ತರಬೇಡಿ. ಮಂಡಿಗೆ, ಸೊಂಟಕ್ಕೆ ದಶಕಗಳ ಲೆಕ್ಕ ಇದೆ, ಲಕ್ಷಗಟ್ಟಲೆ ರೋಗಿಗಳನ್ನು ಹಿಂಬಾಲಿಸಿ ನೋಡಿದ್ದಾರೆ. ಎರಡನೇ ಬೆರಳ ಬುಡದ ಇಂಪ್ಲಾಂಟಿಗೆ ಇರುವುದು ಕೆಲವೇ ರೋಗಿಗಳ ಸಣ್ಣ ಸಣ್ಣ ವರದಿಗಳು. ಕಾಯಿಲೆಯೇ ಅಪರೂಪ, ಇಂಪ್ಲಾಂಟ್ ಬೇಕಾಗುವವರು ಇನ್ನೂ ಅಪರೂಪ.

ಬಗೆಗಳು ನಾಲ್ಕಾರು ಇವೆ. ಹಳೆಯದು ಸಿಲಿಕೋನ್. 1960ರ ದಶಕದಲ್ಲಿ ಅಮೆರಿಕದ ಆಲ್ಫ್ರೆಡ್ ಸ್ವಾನ್ಸನ್ ಕೈ ಕಾಲಿನ ಸಣ್ಣ ಕೀಲುಗಳಿಗೆ ಇದನ್ನು ಬಳಕೆಗೆ ತಂದರು. ಕೈಬೆರಳಿಗೆ ಇವತ್ತಿಗೂ ಹಾಕುತ್ತಾರೆ. ಆದರೆ ಕೈಬೆರಳ ಮೇಲೆ ಯಾರೂ ನಡೆಯುವುದಿಲ್ಲ ಅಲ್ವಾ? ಪಾದದಲ್ಲಿ ಭಾರ ಬಿದ್ದು ಬಿದ್ದು ಸಿಲಿಕೋನ್ ಸವೆಯುತ್ತದೆ, ಸೀಳುತ್ತದೆ, ಅದರ ಪುಡಿ ಸುತ್ತಲಿನ ಪೊರೆಯನ್ನು ಕೆರಳಿಸಿ ಊತ ತರುತ್ತದೆ, ಮೂಳೆಯೊಳಗೆ ಗುಳಿಗಳಾಗುತ್ತವೆ. ಇನ್ನೊಂದು ಲೋಹದ್ದು, ಮೂಳೆಯ ತಲೆಗೆ ಟೋಪಿಯ ಹಾಗೆ ಕೂರುವ ಅರ್ಧ ಇಂಪ್ಲಾಂಟ್, ಒಂದು ಕಡೆ ಮಾತ್ರ. ಎದುರು ಬದಿ ನಿಮ್ಮದೇ ಕಾರ್ಟಿಲೇಜ್, ಅದಕ್ಕೆ ಲೋಹ ಉಜ್ಜುತ್ತಾ ಹೋಗುತ್ತದೆ. ಸೆರಾಮಿಕ್ ಮತ್ತು ಪೈರೋಕಾರ್ಬನ್ ಎಂಬವೂ ಇವೆ, ನುಣುಪು ಜಾಸ್ತಿ, ಅನುಭವ ಕಡಿಮೆ.

ನಾಲ್ಕನೆಯದರ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ನಿಮಗೆ ಸಿಗುವುದು ಅದರ ಹೊಗಳಿಕೆಯೇ. ಕಾರ್ಟಿವಾ ಎಂಬ ಹೆಸರಿನ, ನೀರು ತುಂಬಿದ ಪಾಲಿಮರ್ ಜೆಲ್‌ನ ಸಣ್ಣ ಬಿರಡೆ. ಕಾರ್ಟಿಲೇಜಿನ ಹಾಗೇ ಮೆತ್ತಗೆ ಇರುತ್ತದೆ. 2016ರಲ್ಲಿ ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳ ಮೇಲೆ ಹತೋಟಿ ಇರುವ ಸರ್ಕಾರಿ ಸಂಸ್ಥೆ) ಇದಕ್ಕೆ ಒಪ್ಪಿಗೆ ಕೊಟ್ಟಿತು, ಕೊಟ್ಟಿದ್ದು ಹೆಬ್ಬೆರಳ ಕೀಲು ಸವೆತಕ್ಕೆ. ಕೆಲವು ಸರ್ಜನ್‌ಗಳು ಫ್ರೈಬರ್ಗ್‌ಗೂ ಹಾಕಿ ನೋಡಿದರು. ಆಮೇಲೆ ಬಿರಡೆ ಮೂಳೆಯೊಳಗೆ ಇಳಿದು ಹೋಗುವುದು, ಚೂರಾಗುವುದು, ಮತ್ತೆ ತೆಗೆಯಬೇಕಾಗುವುದು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಎಂದು ಗೊತ್ತಾಗಿ, 2024ರ ಅಕ್ಟೋಬರ್‌ನಲ್ಲಿ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ವಾಪಸ್ ಕರೆಯಿತು. ಹಳೇ ವಿಡಿಯೋಗಳು ಮಾತ್ರ ಇನ್ನೂ ಹಾಗೇ ಓಡುತ್ತಿವೆ.

ಯಾವ ಬಗೆಯದೇ ಆಗಲಿ, ಫ್ರೈಬರ್ಗ್‌ನಲ್ಲಿ ಇಂಪ್ಲಾಂಟಿಗೆ ಒಂದು ಮೂಲ ಕಷ್ಟ ಇದೆ. ಇಂಪ್ಲಾಂಟ್ ನಿಲ್ಲುವುದು ಅದರ ಕೆಳಗಿನ ಮೂಳೆಯ ಬಲದ ಮೇಲೆ. ಇಲ್ಲಿ ಕಾಯಿಲೆ ಬಂದಿರುವುದೇ ಆ ಮೂಳೆಗೆ. ಸತ್ತ ಮೂಳೆಯನ್ನೆಲ್ಲ ತೆಗೆದು ಗಟ್ಟಿ ಜಾಗ ಸಿಗುವವರೆಗೆ ಹೋದರೆ ಉಳಿಯುವುದೇ ಸ್ವಲ್ಪ. ಪೂರ್ತಿ ತೆಗೆಯದೆ ಕೂರಿಸಿದರೆ ಅದು ಇಳಿಯುತ್ತದೆ, ಸಡಿಲವಾಗುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು, ಇದನ್ನು ರೋಗಿಗಳಿಗೆ ಯಾರೂ ಹೇಳಿರುವುದಿಲ್ಲ. ಹೆಬ್ಬೆರಳ ಇಂಪ್ಲಾಂಟ್ ಕೈಕೊಟ್ಟರೆ ಅದನ್ನು ತೆಗೆದು ಕೀಲನ್ನೇ ಬೆಸೆದುಬಿಡಬಹುದು. ಬೆಸೆದ ಹೆಬ್ಬೆರಳಲ್ಲಿ ಜನ ಬೆಟ್ಟ ಹತ್ತುತ್ತಾರೆ, ಏನೂ ಆಗುವುದಿಲ್ಲ. ಎರಡನೇ ಬೆರಳಿಗೆ ಆ ದಾರಿ ಅಷ್ಟು ಚೆನ್ನಾಗಿಲ್ಲ. ಬೆಸೆದ ಎರಡನೇ ಬೆರಳು ಹೆಜ್ಜೆ ಹೆಜ್ಜೆಗೂ ಅಡ್ಡ ಬರುತ್ತದೆ. ಹಾಗಾಗಿ ಇಂಪ್ಲಾಂಟ್ ಕೆಟ್ಟರೆ ಉಳಿಯುವುದು ಬೇರೆ ಕಡೆಯಿಂದ ಮೂಳೆ ತಂದು ತುಂಬುವುದು, ಇಲ್ಲವೇ ತಲೆಯನ್ನೇ ತೆಗೆದುಹಾಕುವುದು. ತಲೆ ತೆಗೆದರೆ ಬೆರಳು ಗಿಡ್ಡವಾಗಿ ಜೋತಾಡುತ್ತದೆ, ಅದು ಹೊರುತ್ತಿದ್ದ ಭಾರ ಮೂರನೆಯದರ ಮೇಲೆ ಬಿದ್ದು ಅಲ್ಲಿ ಆಣಿ ಕಟ್ಟಿ ನೋವು. ನಿಮಗೆ 31. ಇನ್ನೂ ನಲವತ್ತು ವರ್ಷ ಈ ಕಾಲಲ್ಲಿ ನಡೆಯಬೇಕು. "ಒಂದೇ ಸಲಕ್ಕೆ ಮುಗಿಯುತ್ತದೆ" ಅನ್ನುವ ಮಾತನ್ನು ಈ ಕೀಲಿನ ಬಗ್ಗೆ ನಾನಂತೂ ಹೇಳಲಾರೆ.

ಹಾಗಂತ ಇಂಪ್ಲಾಂಟ್ ಕೆಟ್ಟದ್ದೇ ಅಂತಲ್ಲ. ಕೆಳಗಿನ ಕಾರ್ಟಿಲೇಜೂ ಹೋಗಿದೆ, ತಿರುಗಿಸಲು ಏನೂ ಉಳಿದಿಲ್ಲ, ವಯಸ್ಸು ಐವತ್ತು ದಾಟಿದೆ, ಓಟ ಜಿಗಿತ ಇಲ್ಲ, ಮೂಳೆಯ ಬುಡ ಗಟ್ಟಿ ಇದೆ, ಸೋಂಕಿನ ಇತಿಹಾಸ ಇಲ್ಲ, ಇಂಥವರಿಗೆ ತಿಳಿಸಿ ಹೇಳಿ ಹಾಕಿದರೆ ಕೆಲವರು ಚೆನ್ನಾಗಿಯೇ ಇರುತ್ತಾರೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ನಾನು ಆ ಕಡೆ ತಲೆಯೇ ಹಾಕುವುದಿಲ್ಲ.

ನಡುವೆ ಇನ್ನೆರಡು ದಾರಿ ಇವೆ, ಚಿಕ್ಕದಾಗಿ ಹೇಳುತ್ತೇನೆ. ಮಂಡಿಯ ಭಾರ ಬೀಳದ ಅಂಚಿನಿಂದ ಮೂಳೆ ಸಮೇತ ಕಾರ್ಟಿಲೇಜಿನ ಸಣ್ಣ ಬಿರಡೆ ತೆಗೆದು ಇಲ್ಲಿ ಕೂರಿಸುವುದು ಒಂದು. ಚಿಕ್ಕ ವಯಸ್ಸಿನವರಿಗೆ ಒಳ್ಳೆಯದು, ಆದರೆ ಚೆನ್ನಾಗಿದ್ದ ಮಂಡಿಗೆ ಕೈ ಹಾಕಿದ ಹಾಗೆ, ಕೆಲವರಿಗೆ ಅಲ್ಲಿ ನೋವು ಉಳಿಯುತ್ತದೆ. ಇನ್ನೊಂದು, ಕೀಲು ಪೂರ್ತಿ ಸವೆದಿದ್ದರೆ ಒರಟು ಭಾಗ ಕೆತ್ತಿ ನಡುವೆ ನಿಮ್ಮದೇ ಸ್ನಾಯುರಜ್ಜುವನ್ನೋ ಕೀಲಿನ ಪೊರೆಯನ್ನೋ ಮಡಚಿ ದಿಂಬಿನಂತೆ ಇಡುವುದು. ಇಂಪ್ಲಾಂಟ್ ಮಾಡುವ ಕೆಲಸವನ್ನೇ ಬಹುಪಾಲು ಇದೂ ಮಾಡುತ್ತದೆ. ಸಡಿಲವಾಗಿ ಕಳಚಲು ಅಲ್ಲಿ ಏನೂ ಇರುವುದಿಲ್ಲ.

ದೇವಸ್ಥಾನ, ನೆಲ, ಕಾಲುಂಗುರ ಕೇಳಿದ್ದಿರಿ. ಚಕ್ಕಳಮಕ್ಕಳ ಹಾಕಿ ಕೂರಲು ಯಾವ ಆಪರೇಷನ್ ಆದರೂ ಅಡ್ಡಿಯಿಲ್ಲ, ಬೆರಳ ಮೇಲೆ ಭಾರ ಬೀಳುವುದಿಲ್ಲ. ಕಷ್ಟ ಇರುವುದು ಏಳುವಾಗ ತುದಿಗಾಲು ಊರುವುದರಲ್ಲಿ ಮತ್ತು ಹಿಮ್ಮಡಿ ಎತ್ತಿ ಕುಕ್ಕರುಗಾಲಲ್ಲಿ ಕೂರುವುದರಲ್ಲಿ. ಮೂಳೆ ತಿರುಗಿಸಿದವರಿಗೆ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಒಗ್ಗುತ್ತದೆ. ಇಂಪ್ಲಾಂಟ್ ಇದ್ದವರಿಗೆ ಕುಕ್ಕರುಗಾಲು ಬೇಡವೆಂದೇ ಹೇಳುತ್ತೇನೆ. ದೇವಸ್ಥಾನದಲ್ಲಿ ಒಂದು ಪ್ರದಕ್ಷಿಣೆ ಹಾಕಲು ತೊಂದರೆಯಿಲ್ಲ, ಜಾತ್ರೆಯ ಸಾಲಲ್ಲಿ ಎರಡು ಗಂಟೆ ಬರಿಗಾಲಲ್ಲಿ ನಿಲ್ಲುವುದು ಬೇರೆ ಮಾತು, ಕಾಲುಚೀಲದೊಳಗೆ ಪ್ಯಾಡ್ ಇಟ್ಟುಕೊಂಡು ಹೋಗಿ. ಕಾಲುಂಗುರ ಊತ ಪೂರ್ತಿ ಇಳಿದ ಮೇಲೆ ಹಾಕಿಕೊಳ್ಳಿ, ಅದಕ್ಕೆ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಅಳತೆ ಬದಲಾಗಿರಬಹುದು, ತೆರೆದ ಬಾಯಿಯದ್ದು ಮಾಡಿಸಿ.

ಮುಂದಿನ ಸಲ ಹೋದಾಗ ಎರಡೂ ಪಾದದ ಮೇಲೆ ನಿಂತು ತೆಗೆಸಿದ ಎಕ್ಸ್-ರೇ ಇಟ್ಟುಕೊಂಡು ಹೋಗಿ, ಮಲಗಿಸಿ ತೆಗೆದದ್ದರಲ್ಲಿ ಮೂಳೆಗಳ ಉದ್ದದ ಲೆಕ್ಕ ಸರಿಯಾಗಿ ಸಿಗುವುದಿಲ್ಲ. ಎಂಆರ್‌ಐ ರಿಪೋರ್ಟಿನ ಕಾಗದ ಸಾಲದು, ಸಿ.ಡಿ.ಯನ್ನೂ ಒಯ್ಯಿರಿ. ಇಂಪ್ಲಾಂಟ್ ಹೇಳಿದ ಡಾಕ್ಟರನ್ನೇ ಕೇಳಿ: ಕೆಳಗಿನ ಕಾರ್ಟಿಲೇಜ್ ಹೇಗಿದೆ, ಯಾವ ಬಗೆಯ ಇಂಪ್ಲಾಂಟ್, ಈ ಬೆರಳಿಗೆ ಅದನ್ನು ನೀವು ಮೊದಲು ಹಾಕಿದ್ದೀರಾ, ಕೈಕೊಟ್ಟರೆ ಮುಂದೇನು? ಒಳ್ಳೆಯ ಸರ್ಜನ್ ಇದಕ್ಕೆ ಸಿಟ್ಟಾಗುವುದಿಲ್ಲ. ಕೆಳಗಿನ ಕಾರ್ಟಿಲೇಜ್ ಚೆನ್ನಾಗಿದೆ ಅಂದರೆ ನನ್ನ ಮತ ಮೂಳೆ ತಿರುಗಿಸುವುದಕ್ಕೆ. ಎಂಆರ್‌ಐನಲ್ಲಿ ಸ್ಪಷ್ಟವಾಗದಿದ್ದರೆ ಕೀಲು ತೆರೆದು ನೋಡಿದ ಮೇಲೆ ನಿರ್ಧರಿಸುವ ಹಾಗೆ, ಎರಡಕ್ಕೂ ಒಪ್ಪಿಗೆ ಬರೆದುಕೊಟ್ಟು ಒಳಗೆ ಹೋಗಬಹುದು.

ಗಡಿಬಿಡಿ ಬೇಡ, ಒಂದೆರಡು ತಿಂಗಳು ತಡವಾದರೆ ಈ ಕಾಯಿಲೆಯಲ್ಲಿ ಏನೂ ಕೆಡುವುದಿಲ್ಲ. ಆಪರೇಷನ್ ಆದರೆ ಎರಡು ವಾರಕ್ಕೆ ಹೊಲಿಗೆ ತೆಗೆಯುತ್ತಾರೆ, ನಾಲ್ಕರಿಂದ ಆರು ವಾರ ಹಿಮ್ಮಡಿಯ ಮೇಲಷ್ಟೇ ಭಾರ ಬೀಳುವ ಚಪ್ಪಲಿಯಲ್ಲಿ ನಡೆಯಬೇಕು. ಟೀಚರ್ ಆದ್ದರಿಂದ ಏಪ್ರಿಲ್ ಎರಡನೇ ವಾರ ಬೇಸಿಗೆ ರಜೆ ಶುರುವಾದ ಕೂಡಲೇ ಇಟ್ಟುಕೊಂಡರೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಕುರ್ಚಿಯಲ್ಲಿ ಕೂತು ಪಾಠ ಮಾಡುವ ಮಟ್ಟಕ್ಕೆ ಬರುತ್ತೀರಿ. ಹೆಡ್‌ಮಾಸ್ಟರಿಗೆ ಮೊದಲೇ ಹೇಳಿ, ಜೂನ್ ಜುಲೈನಲ್ಲಿ ಪಿ.ಟಿ. ಪೀರಿಯಡ್ ನಿಮ್ಮ ತಲೆಗೆ ಕಟ್ಟದ ಹಾಗೆ ನೋಡಿಕೊಳ್ಳಿ.